ಆಂಡರ್‌ಮಾಟ್: ಘಟ್ಟದ ದಾರಿಯನ್ನೇ ನಂಬಿದ ಊರು

ಪುಣೆ, ಮುಂಬಯಿಯ ಕನ್ನಡಿಗರು ಸ್ವಿಟ್ಜರ್‌ಲೆಂಡಿಗೆ ಹೊರಟರೆ ಕೈಯಲ್ಲಿರುವ ಪಟ್ಟಿ ಹೆಚ್ಚುಕಡಿಮೆ ಒಂದೇ: ಟಿಟ್ಲಿಸ್, ಯುಂಗ್‌ಫ್ರೌ, ಲುಸರ್ನ್ ಸರೋವರ. ಆಂಡರ್‌ಮಾಟ್ ಅದರಲ್ಲಿ ಇರುವುದಿಲ್ಲ. ಇದ್ದರೂ ಗ್ಲೇಸಿಯರ್ ಎಕ್ಸ್‌ಪ್ರೆಸ್ ಸ್ವಲ್ಪ ಹೊತ್ತು ನಿಲ್ಲುವ ಒಂದು ಸ್ಟೇಷನ್ ಅಂತ ಮಾತ್ರ. ಊರಿ ಪ್ರಾಂತದ, ಸುಮಾರು ಒಂದೂವರೆ ಸಾವಿರ ಜನರ ಈ ಪುಟ್ಟ ಊರು ಖಂಡಾಲಾ ಘಾಟ್ ಹತ್ತಿಳಿದವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ. ಘಾಟಿನ ತಲೆಯ ಮೇಲೆ ಊರೊಂದು ಯಾಕೆ ಹುಟ್ಟುತ್ತದೆ, ದಾರಿ ಬೇರೆ ಕಡೆ ತಿರುಗಿದರೆ ಅದಕ್ಕೆ ಏನಾಗುತ್ತದೆ ಅನ್ನುವುದು ನಮಗೆ ಹೊಸ ವಿಷಯವಲ್ಲ. ಹೊಸ ರಸ್ತೆಯ ಸುದ್ದಿ ಬಂದಾಗಲೆಲ್ಲ ಲೋಣಾವಳಾದ ಚಿಕ್ಕಿ ಅಂಗಡಿಯವರು ಕೇಳುವ ಪ್ರಶ್ನೆಯನ್ನು ಆಂಡರ್‌ಮಾಟ್ 1882ರಿಂದ ಮತ್ತೆ ಮತ್ತೆ ಎದುರಿಸಿದೆ.

ಮೊದಲು ನಕಾಶೆ. ಆಂಡರ್‌ಮಾಟ್ ಇರುವುದು ಉರ್ಸೆರೆನ್ ಎಂಬ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,440 ಮೀಟರ್ ಎತ್ತರದಲ್ಲಿ. ಅಂದರೆ ಮಹಾಬಳೇಶ್ವರಕ್ಕಿಂತ ನೂರು ಮೀಟರಿನಷ್ಟೇ ಮೇಲೆ. ಕಣಿವೆ ನೈಋತ್ಯದಿಂದ ಈಶಾನ್ಯಕ್ಕೆ ದೋಣಿಯ ಹಾಗೆ ಉದ್ದಕ್ಕೆ ಚಾಚಿದೆ. ಒಳಗೆ ಮೂರು ಊರು: ಪಶ್ಚಿಮದ ತುದಿಯಲ್ಲಿ ರೆಆಲ್ಪ್, ನಡುವೆ ಹೊಸ್ಪೆಂಟಾಲ್, ಪೂರ್ವಕ್ಕೆ ಆಂಡರ್‌ಮಾಟ್. ಪಶ್ಚಿಮಕ್ಕೆ ಹತ್ತಿದರೆ 2,429 ಮೀಟರಿನ ಫುರ್ಕಾ ಘಟ್ಟ, ಪೂರ್ವಕ್ಕೆ 2,044 ಮೀಟರಿನ ಒಬರಾಲ್ಪ್, ದಕ್ಷಿಣಕ್ಕೆ 2,106 ಮೀಟರಿನ ಗೊಟ್‌ಹಾರ್ಡ್. ಉತ್ತರಕ್ಕೆ ಘಟ್ಟವಿಲ್ಲ. ಅಲ್ಲಿರುವುದು ರೋಯ್ಸ್ ನದಿ ನುಗ್ಗಿ ಹೊರಬೀಳುವ ಶೊಲೆನೆನ್ ಎಂಬ ಕಮರಿ. ಅದರ ಕೆಳತುದಿಯ ಗೋಶೆನೆನ್ ಊರು 1,106 ಮೀಟರಿನಲ್ಲಿದೆ. ನಾಲ್ಕು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ 330 ಮೀಟರಿನ ಇಳಿತ.

ಈ ಆಕಾರ ಬಂದದ್ದು ಕಲ್ಲಿನಿಂದ. ಸಹ್ಯಾದ್ರಿಯಲ್ಲಿ ಲಾವಾ ಹರಿದು ಪದರದ ಮೇಲೆ ಪದರವಾಗಿ ಚಪ್ಪಟೆಗೆ ಕೂತಿದೆ. ಆದ್ದರಿಂದಲೇ ರಾಜಗಡವಾಗಲಿ ಲೋಹಗಡವಾಗಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಆಲ್ಪ್ಸ್‌ನಲ್ಲಿ ಪದರಗಳನ್ನು ಭೂಮಿ ಎರಡೂ ಕಡೆಯಿಂದ ಅದುಮಿ ಎಬ್ಬಿಸಿ ನಿಲ್ಲಿಸಿದೆ. ಉರ್ಸೆರೆನ್‌ನ ಉತ್ತರಕ್ಕೆ ಆರ್ ಮಾಸಿಫ್ ಎಂಬ ಬೆಟ್ಟರಾಶಿಯ ಗಟ್ಟಿ ಗ್ರಾನೈಟ್, ದಕ್ಷಿಣಕ್ಕೆ ಗೊಟ್‌ಹಾರ್ಡ್ ಮಾಸಿಫ್‌ನ ನೈಸ್ (gneiss) ಎಂಬ ಕಲ್ಲು. ಇವೆರಡರ ಸಂದಿಯಲ್ಲಿ ಜೇಡಿಕಲ್ಲು, ಸುಣ್ಣದ ಕಲ್ಲಿನ ಮೆತ್ತನೆಯ ಪಟ್ಟಿಯೊಂದು ಹೆಚ್ಚುಕಡಿಮೆ ಲಂಬವಾಗಿ ಸಿಕ್ಕಿಕೊಂಡಿದೆ. ಹಿಮನದಿ ಆ ಮೆತ್ತನೆಯ ಪಟ್ಟಿಯನ್ನು ಕೆರೆದು ಅಗಲವಾದ, ಸಮತಟ್ಟು ತಳದ ಕಣಿವೆ ಮಾಡಿತು. ಆದರೆ ನೀರು ಉತ್ತರಕ್ಕೆ ಹೊರಹೋಗಬೇಕಾದರೆ ಗ್ರಾನೈಟನ್ನೇ ಕೊರೆಯಬೇಕಿತ್ತು. ಕಮರಿ ಅಷ್ಟು ಇಕ್ಕಟ್ಟಾದದ್ದು ಅದಕ್ಕೇ. ಇದೊಂದನ್ನು ನೆನಪಿಟ್ಟುಕೊಂಡರೆ ಈ ಊರಿನ ಇತಿಹಾಸದ ಬಹುಪಾಲು ಕೈಗೆ ಸಿಗುತ್ತದೆ: ಒಳಗೆ ಬಾಳಲು ಜಾಗವಿದೆ, ಹೊರಗೆ ಹೋಗಲು ದಾರಿಯಿಲ್ಲ.

ನೀರಿನ ಲೆಕ್ಕವೂ ಮಹಾಬಳೇಶ್ವರವನ್ನು ನೆನಪಿಸುವಂಥದ್ದು. ಅಲ್ಲಿನ ಪಂಚಗಂಗೆಯಿಂದ ಹೊರಟ ಕೃಷ್ಣೆ ನಮ್ಮ ಬಾಗಲಕೋಟೆ, ರಾಯಚೂರು ದಾಟಿ ಬಂಗಾಳ ಕೊಲ್ಲಿ ಸೇರಿದರೆ ಸಾವಿತ್ರಿ ಅರಬ್ಬಿ ಸಮುದ್ರಕ್ಕಿಳಿಯುತ್ತಾಳೆ. ಆಂಡರ್‌ಮಾಟ್ ಸುತ್ತಲ ಬೆಟ್ಟಗಳಲ್ಲಿ ನಾಲ್ಕು ನದಿಗಳು ಹುಟ್ಟುತ್ತವೆ. ಒಬರಾಲ್ಪ್ ಬಳಿಯ ತೋಮಾ ಸರೋವರದಿಂದ ರೈನ್ ಉತ್ತರ ಸಮುದ್ರಕ್ಕೆ. ಫುರ್ಕಾದ ಆಚೆ ಬದಿಯ ಹಿಮನದಿಯಿಂದ ರೋನ್ ಮೆಡಿಟರೇನಿಯನ್‌ಗೆ. ದಕ್ಷಿಣದ ತೀಚೀನೊ ಪೋ ನದಿ ಸೇರಿ ಏಡ್ರಿಯಾಟಿಕ್‌ಗೆ. ಊರ ನಡುವಿನ ರೋಯ್ಸ್ ಮುಂದೆ ಆರ್ ನದಿ ಸೇರಿ ಕೊನೆಗೆ ರೈನನ್ನೇ ಕೂಡಿಕೊಳ್ಳುತ್ತದೆ. ಒಬರಾಲ್ಪ್ ಘಟ್ಟದ ನೆತ್ತಿಯ ಮೇಲೆ ಕೆಂಪು ದೀಪಸ್ತಂಭವೊಂದಿದೆ. ಬೆಟ್ಟದ ಮೇಲೆ ದೀಪಸ್ತಂಭ ಯಾಕೆ ಎಂದು ಬಂದವರು ಕೇಳುತ್ತಾರೆ. ರೈನ್ ಸಮುದ್ರ ಸೇರುವ ಕಡೆ, ಹಾಲೆಂಡಿನಲ್ಲಿ ಇದ್ದ ದೀಪಸ್ತಂಭದ ಪ್ರತಿರೂಪ ಅದು.

ಕಮರಿ ಮುಚ್ಚಿದ್ದರಿಂದ ಈ ಕಣಿವೆಗೆ ಜನ ಬಂದದ್ದು ಬದಿಯ ಬಾಗಿಲುಗಳಿಂದ. ಪೂರ್ವದಿಂದ, ಒಬರಾಲ್ಪ್ ದಾಟಿ, ಡಿಸೆಂಟಿಸ್ ಮಠದ ಒಡೆತನ ಬಂತು. ಜೊತೆಗೆ ಲ್ಯಾಟಿನ್ನಿನಿಂದ ಹುಟ್ಟಿದ ರೊಮಾನ್ಶ್ ನುಡಿ ಮಾತಾಡುವವರು. ಹನ್ನೆರಡನೆಯ ಶತಮಾನದಲ್ಲಿ ಪಶ್ಚಿಮದಿಂದ, ಫುರ್ಕಾ ದಾಟಿ, ಜರ್ಮನ್ ಆಡುನುಡಿಯ ವಾಲ್ಸರ್ ಜನ ಬಂದು ನೆಲೆಸಿದರು. ಎತ್ತರದಲ್ಲಿ ದನ ಸಾಕಿ, ಹುಲ್ಲು ಬೆಳೆದು ಬದುಕುವುದು ಅವರಿಗೆ ಕೈಗೂಡಿದ ವಿದ್ಯೆ. ಇಂದು ಊರಿನ ಮಾತು ಜರ್ಮನ್. ಆದರೆ ಹೆಸರುಗಳು ಹಿಂದಿನದನ್ನು ಬಿಟ್ಟುಕೊಟ್ಟಿಲ್ಲ. ಉರ್ಸೆರೆನ್ ಅನ್ನುವುದರಲ್ಲಿ ಲ್ಯಾಟಿನ್ನಿನ ಕರಡಿ ಕೂತಿದೆ, ಕಣಿವೆಯ ಲಾಂಛನದಲ್ಲೂ ಕರಡಿಯೇ ಇದೆ. ಹೊಸ್ಪೆಂಟಾಲ್ ಅಂದರೆ ಹಾದಿಹೋಕರ ಛತ್ರವಿದ್ದ ಜಾಗ. ಆಂಡರ್‌ಮಾಟ್ ಮಾತ್ರ ನೇರ ಜರ್ಮನ್: ಹುಲ್ಲುಗಾವಲಿನ ಅಂಚಿನದು. ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಕನ್ನಡ ಶಾಸನ ಓದಿದವರಿಗೆ, ಮಾತು ಸರಿದ ಮೇಲೂ ಹೆಸರು ಉಳಿಯುವ ಈ ಬಗೆ ಪರಿಚಿತ.

ಉತ್ತರದ ಬಾಗಿಲು ತೆರೆದದ್ದು ಹದಿಮೂರನೆಯ ಶತಮಾನದ ಮೊದಲ ಭಾಗದಲ್ಲಿ. ಕಮರಿಯಲ್ಲಿ ಎರಡು ಗಂಟುಗಳಿದ್ದವು. ಒಂದು, ನದಿಗೆ ಅಡ್ಡಲಾಗಿ ಸೇತುವೆ ಬೇಕಾದ ಜಾಗ. ಇನ್ನೊಂದು, ಅದಕ್ಕಿಂತ ಸ್ವಲ್ಪ ಮೇಲೆ, ಬಂಡೆ ನೇರವಾಗಿ ನೀರಿಗಿಳಿಯುವ ಕಡೆ. ಕಾಲಿಡಲು ಅಂಚೇ ಇಲ್ಲ. ಮೊದಲನೆಯದಕ್ಕೆ ಮರದ ಸೇತುವೆ ಕಟ್ಟಿದರು. ಎರಡನೆಯದಕ್ಕೆ ಬಂಡೆಯ ಮೈಗೆ ಅಂಟಿದ ಹಾಗೆ ತೊಲೆಗಳನ್ನಿಟ್ಟು, ಸರಪಳಿಯಿಂದ ಬಿಗಿದು, ಹಲಗೆ ಹಾಸಿ, ನದಿಯ ಮೇಲೆಯೇ ತೂಗುವ ಕಾಲುದಾರಿ ಮಾಡಿದರು. ಅದಕ್ಕೆ ಟ್ವೆರೆನ್ ಸೇತುವೆ ಎಂದು ಹೆಸರು. ಮಹಾಪೂರಕ್ಕೆ ಅದು ಕೊಚ್ಚಿಹೋಗುವುದು, ಮತ್ತೆ ಕಟ್ಟುವುದು, ಐದು ಶತಮಾನ ಹೀಗೇ ನಡೆಯಿತು. ಗೊಟ್‌ಹಾರ್ಡ್ ನೆತ್ತಿಯ ಗುಡಿಯನ್ನು ಮಿಲಾನಿನ ಆರ್ಚ್‌ಬಿಷಪ್ 1230ರಲ್ಲಿ ಪ್ರತಿಷ್ಠಾಪಿಸಿದರು. ಘಟ್ಟದ ಹೆಸರು ಬಂದದ್ದು ಆ ಗುಡಿಯ ಸಂತ, ಹಿಲ್ಡೆಸ್‌ಹೈಮ್‌ನ ಗೋಡೆಹಾರ್ಡ್ ಅವರಿಂದ.

ದಾರಿ ತೆರೆದ ಮೇಲೆ ಊರಿನ ಕಸುಬೇ ಬದಲಾಯಿತು. ನಮ್ಮಲ್ಲಿ ಘಟ್ಟದ ಕೆಳಗಿನ ಉಪ್ಪನ್ನು ಹೇರೆತ್ತಿನ ಮೇಲೆ ಬಯಲುಸೀಮೆಗೆ ಒಯ್ಯುತ್ತಿದ್ದ ಹಾಗೆ, ಅಲ್ಲಿ ಹೇಸರಗತ್ತೆಯ ಮೇಲೆ ಸಾಮಾನು. ಒಂದು ಹೇರು ಸುಮಾರು 150 ಕಿಲೋ. ದಕ್ಷಿಣಕ್ಕೆ ಗಿಣ್ಣು, ದನ. ಉತ್ತರಕ್ಕೆ ಅಕ್ಕಿ, ದ್ರಾಕ್ಷಾರಸ, ರೇಷ್ಮೆ. ವ್ಯವಸ್ಥೆ ಬಿಗಿಯಾಗಿತ್ತು. ಪ್ರತಿಯೊಂದು ಊರಿನ ಹೇರಿನವರ ಸಂಘಕ್ಕೂ ತನ್ನ ಗಡಿಯೊಳಗೆ ಮಾತ್ರ ಸಾಗಿಸುವ ಹಕ್ಕು. ಗಡಿ ಬಂದರೆ ಉಗ್ರಾಣದಲ್ಲಿ ಇಳಿಸಬೇಕು, ಮುಂದಿನ ಊರಿನವರ ಪ್ರಾಣಿಗಳ ಮೇಲೆ ಹೇರಬೇಕು. ತನ್ನದೇ ಪ್ರಾಣಿಯಲ್ಲಿ ನೇರ ಸಾಗಬೇಕೆಂದರೆ ಶುಲ್ಕ ತೆರಬೇಕು. ಆ ಹಣ ದಾರಿಯ ದುರಸ್ತಿಗೆ. ಜುನ್ನರದ ಬಳಿ ನಾಣೇಘಾಟ್ ಹತ್ತಿದವರು ಸುಂಕದ ಹಣ ಹಾಕುತ್ತಿದ್ದರೆನ್ನುವ ಕಲ್ಲಿನ ಹರವಿಯನ್ನು ನೋಡಿರುತ್ತಾರೆ, ಲೆಕ್ಕ ಅದೇ. ವ್ಯತ್ಯಾಸ ಹಿಮದ್ದು. ಚಳಿಗಾಲದಲ್ಲಿ ಎತ್ತುಗಳನ್ನು ಮುಂದೆ ಬಿಟ್ಟು, ಹಿಮ ತುಳಿಸಿ, ಓಣಿಯಷ್ಟು ಅಗಲ ದಾರಿ ಮಾಡಬೇಕಿತ್ತು. ಈ ದುಡಿಮೆಯ ಬಲದಿಂದ ಕಣಿವೆ ಗಟ್ಟಿಯಾಗಿ 1410ರಲ್ಲಿ ಊರಿಯ ಜೊತೆ ಶಾಶ್ವತ ಒಪ್ಪಂದ ಮಾಡಿಕೊಂಡಿತು. ಮುಖ ಪೂರ್ವದ ಮಠದಿಂದ ಉತ್ತರಕ್ಕೆ ತಿರುಗಿತು.

ಸೇತುವೆಯ ಸರದಿಯನ್ನು ಬೇಗ ಹೇಳಿಬಿಡುತ್ತೇನೆ. 1595ರಲ್ಲಿ ಮರದ ಬದಲು ಕಲ್ಲಿನದು ಬಂತು. 1707–08ರಲ್ಲಿ ತೀಚೀನೊ ಕಡೆಯ ಪಿಯೆತ್ರೊ ಮೊರೆತ್ತೀನಿ ಎಂಬ ಇಂಜಿನಿಯರ್ ತೂಗುವ ಹಲಗೆದಾರಿಯ ಬದಲು ಬಂಡೆಯನ್ನೇ ಕೊರೆದು 64 ಮೀಟರ್ ಉದ್ದದ ಸುರಂಗ ಮಾಡಿದರು. ಊರ್ನರ್‌ಲೊಖ್ ಎಂದು ಕರೆಯುವ ಇದು ಆಲ್ಪ್ಸ್‌ನ ಮೊದಲ ರಸ್ತೆ ಸುರಂಗ. ಸೆಪ್ಟೆಂಬರ್ 1799ರಲ್ಲಿ ಸುವೊರೊವ್‌ನ ರಷ್ಯನ್ ಸೈನ್ಯ ಫ್ರೆಂಚರೊಂದಿಗೆ ಹೊಡೆದಾಡುತ್ತ ಇದೇ ಇಕ್ಕಟ್ಟಿನಲ್ಲಿ ನುಗ್ಗಿತು; ಬಂಡೆಯಲ್ಲಿ ಕೊರೆದ 12 ಮೀಟರಿನ ಶಿಲುಬೆ ಆ ಕದನದ ಸ್ಮಾರಕ. ಗಾಡಿ ಹೋಗುವ ಅಗಲದ ಎರಡನೆಯ ಸೇತುವೆ 1830ರಲ್ಲಿ ಮುಗಿಯಿತು. ಖಂಡಾಲಾದಲ್ಲಿ ನಾವೆಲ್ಲ ಅಮೃತಾಂಜನ್ ಪೂಲ್ ಎಂದು ಕರೆಯುತ್ತಿದ್ದ ಸೇತುವೆಯೂ 1830ರದ್ದೇ. ನಮ್ಮದನ್ನು ಏಪ್ರಿಲ್ 2020ರಲ್ಲಿ ಕೆಡವಿದರು. ಶೊಲೆನೆನ್‌ನದು ಕಾಲ್ನಡಿಗೆಯವರಿಗೆ ಉಳಿದಿದೆ. ಅದರ ಕೆಳಗಿದ್ದ 1595ರ ಕಮಾನು 1888ರಲ್ಲಿ ತಾನಾಗಿ ಕುಸಿಯಿತು. ಈಗ ವಾಹನ ಓಡುವುದು 1958ರಲ್ಲಿ ಮುಗಿದ ಮೂರನೆಯದರ ಮೇಲೆ.

ಇದಕ್ಕೆ ಸೈತಾನನ ಸೇತುವೆ ಎಂದು ಹೆಸರು. ಮನುಷ್ಯರಿಂದ ಕಟ್ಟಲಾಗದ್ದನ್ನು ಸೈತಾನ ಕಟ್ಟಿಕೊಟ್ಟು, ಮೊದಲು ದಾಟುವ ಜೀವವನ್ನು ಸಂಬಳವಾಗಿ ಕೇಳಿದನಂತೆ. ಊರವರು ಹೋತವನ್ನು ಅಟ್ಟಿದರಂತೆ. ಸಿಟ್ಟಿಗೆದ್ದು ಸೇತುವೆಗೆ ಎಸೆಯಲು ಅವನು ಹೊತ್ತು ತಂದ ಬಂಡೆ ಗೋಶೆನೆನ್‌ನಲ್ಲೇ ಬಿತ್ತು ಎಂದು ಕಥೆ. 1970ರ ದಶಕದಲ್ಲಿ ಹೆದ್ದಾರಿಗೆ ಆ ಬಂಡೆ ಅಡ್ಡ ಬಂದಾಗ ಅದನ್ನು ಒಡೆಯದೆ 127 ಮೀಟರ್ ಪಕ್ಕಕ್ಕೆ ಸರಿಸಿ ಉಳಿಸಿಕೊಂಡರು. ನನಗೆ ಈ ಊರಿನವರ ಸ್ವಭಾವ ತುಂಬ ಚೆನ್ನಾಗಿ ಕಾಣುವುದು ಇದರಲ್ಲಿ.

ಇನ್ನು ಕಾಡು. ಆಂಡರ್‌ಮಾಟ್ ಸ್ಟೇಷನ್ನಿನಲ್ಲಿ ಇಳಿದು ದಕ್ಷಿಣಕ್ಕೆ ಮುಖ ಮಾಡಿದರೆ ಬೋಳು ಬೆಟ್ಟದ ಮೇಲೆ, ಊರಿನ ನೆತ್ತಿಗೆ ಸರಿಯಾಗಿ, ತ್ರಿಕೋನಾಕಾರದ ಸ್ಪ್ರೂಸ್ ಕಾಡು ಕಾಣುತ್ತದೆ. ಉಳಿದ ಕಣಿವೆ ಬಹುಮಟ್ಟಿಗೆ ಬೋಳು. ಕಾರಣ ಎತ್ತರವಲ್ಲ, ಮೇವಿಗಾಗಿ, ಸೌದೆಗಾಗಿ ಮರ ಕಡಿದದ್ದು. ಉರುವಲಿಗೆ ಮರ ಸಿಗದೆ ಪೊದೆ, ಕೊಳೆತ ಜವುಗಿನ ಮಣ್ಣು ಸುಡುವ ಕಾಲವೂ ಬಂತು. ಈ ತುಣುಕು ಮಾತ್ರ ಉಳಿದದ್ದು ಕಣಿವೆಯವರು 1397ರಲ್ಲೇ ಬರೆದಿಟ್ಟ ನಿಷೇಧಪತ್ರದಿಂದ. ಮರ ಕಡಿಯುವುದಿರಲಿ, ರೆಂಬೆ, ಪೊದೆ, ಬಿದ್ದ ಕಾಯಿಯನ್ನೂ ಅಲ್ಲಿಂದ ಒಯ್ಯಬಾರದು. ನಮ್ಮ ಕಡೆ ದೇವರಕಾಡು, ಪುಣೆಯ ಮಾವಳದಲ್ಲಿ ದೇವರಾಯಿ ಇದೆಯಲ್ಲ, ಅದನ್ನು ಕಾಯುವುದು ದೇವರ ಭಯ. ಇಲ್ಲಿ ಕಾದದ್ದು ಊರಿನವರೇ ತಮ್ಮ ಮೇಲೆ ಹಾಕಿಕೊಂಡ ಬರಹದ ಕಟ್ಟಳೆ.

ಆ ಕಾಡು ಊರನ್ನು ಕಾಯುವುದು ಹಿಮಪಾತದಿಂದ, ಅಂದರೆ ಇಳಿಜಾರಿನಿಂದ ಜಾರಿ ಬೀಳುವ ಹಿಮರಾಶಿಯಿಂದ. ಮರ ಅದನ್ನು ತಡೆಯುವ ಬಗೆ ಹಲವರು ತಿಳಿದುಕೊಂಡ ಹಾಗಲ್ಲ. ಮೇಲಿನಿಂದ ವೇಗ ಪಡೆದು ಬಂದ ಹಿಮರಾಶಿಗೆ ಕಾಡು ಅಡ್ಡಗೋಡೆಯಾಗಲಾರದು. ಅದು ಮರಗಳನ್ನೂ ಮುರಿದು ಜೊತೆಗೆ ತರುತ್ತದೆ. ಕಾಡಿನ ಕೆಲಸ ಹಿಮ ಜಾರಲು ಆರಂಭಿಸದಂತೆ ನೋಡಿಕೊಳ್ಳುವುದು. ಅಪಾಯದ ಇಳಿಜಾರು ಸುಮಾರು 30ರಿಂದ 45 ಡಿಗ್ರಿಯದು. ಮರವಿಲ್ಲದ ಇಳಿಜಾರಿನಲ್ಲಿ ಹಿಮ ಚಾದರದ ಹಾಗೆ ಒಂದೇ ಪದರವಾಗಿ ಕೂರುತ್ತದೆ. ಒಂದು ಕಡೆ ಬಿರಿದರೆ ಇಡೀ ಚಾದರ ಜಾರುತ್ತದೆ. ಕಾಡಿನಲ್ಲಿ ಕೊಂಬೆಗಳು ಹಿಮವನ್ನು ಹಿಡಿದು ಆಗಾಗ ಮುದ್ದೆಯಾಗಿ ಕೆಡವುತ್ತವೆ. ಪದರ ಹದಗೆಟ್ಟು, ಗಂಟುಗಂಟಾಗಿ, ಜಾರದೆ ನಿಲ್ಲುತ್ತದೆ. ಕೆಡುವುದು ಎಲ್ಲಿ? ಎಲ್ಲ ಮರಕ್ಕೂ ಒಂದೇ ವಯಸ್ಸಾದಾಗ. ಸಸಿಯನ್ನು ಆಡು, ಜಿಂಕೆ ಮೇಯ್ದರೆ ಅಥವಾ ನಿಧಾನ ತೆವಳುವ ಹಿಮ ಕಿತ್ತರೆ, ಮುದಿ ಮರ ಬಿದ್ದ ಕಡೆ ಖಾಲಿ ಜಾಗ ಹುಟ್ಟುತ್ತದೆ. ಹಿಮ ಅಲ್ಲಿಂದ ಹೊರಡುತ್ತದೆ. ಏನನ್ನೂ ಮುಟ್ಟಬಾರದೆಂಬ ಕಟ್ಟಳೆಯೊಂದರಿಂದಲೇ ಕಾಡು ಉಳಿಯುವುದಿಲ್ಲ; ಸಸಿ ನೆಟ್ಟು, ಬೇಲಿ ಕಟ್ಟಿ, ವಯಸ್ಸು ಬೆರೆಸುತ್ತಾ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಊರು ಆ ಕೆಲಸ ಮಾಡುತ್ತ ಬಂದಿದೆ, ತ್ರಿಕೋನದ ಅಕ್ಕಪಕ್ಕವೂ ಕಾಡು ಬೆಳೆಸಿದೆ.

ಆದರೂ ಜನವರಿ 20, 1951ರಂದು, ಕೆಲವೇ ಹೊತ್ತಿನೊಳಗೆ ಒಂದರ ಹಿಂದೊಂದು ಹಿಮಪಾತ ಆಂಡರ್‌ಮಾಟ್‌ಗೆ ಬಡಿಯಿತು. 13 ಜನ ಸತ್ತರು. ಆ ಚಳಿಗಾಲದಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹಿಮಪಾತಕ್ಕೆ ಬಲಿಯಾದವರು 98. ಅದರ ನಂತರ ಇಳಿಜಾರುಗಳ ಮೇಲ್ತುದಿಯಲ್ಲಿ, ಮರ ಬೆಳೆಯದ ಎತ್ತರದಲ್ಲಿ, ಉಕ್ಕಿನ ತಡೆಬೇಲಿಗಳು ಸಾಲಾಗಿ ಎದ್ದವು. ಅವುಗಳ ಕೆಲಸವೂ ಕಾಡಿನದೇ, ಹೊರಡುವ ಮುನ್ನ ಹಿಡಿಯುವುದು. ಜುಲೈ 30, 2014ರಂದು ಪುಣೆ ಜಿಲ್ಲೆಯ ಮಾಳೀಣದ ಮೇಲೆ ಗುಡ್ಡ ಇಳಿದದ್ದನ್ನು ಮರೆಯದವರಿಗೆ, ಊರಿನ ನೆತ್ತಿಯ ಇಳಿಜಾರು ಯಾರ ಸುಪರ್ದಿಯಲ್ಲಿದೆ ಅನ್ನುವ ಪ್ರಶ್ನೆ ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಉರ್ಸೆರೆನ್‌ನಲ್ಲಿ ಅದಕ್ಕೆ ಉತ್ತರ ಸ್ಪಷ್ಟ. 1888ರಲ್ಲಿ ಊರಿಯ ಹೊಸ ಸಂವಿಧಾನ ಬಂದಾಗ ಹಳೆಯ ಕಣಿವೆ ಆಡಳಿತ ಹೋಗಿ ಮೂರು ಊರಿಗೆ ಮೂರು ಪುರಸಭೆಯಾಯಿತು. ಆದರೆ ಹುಲ್ಲುಗಾವಲು, ಬೆಟ್ಟ, ಸಾಮಾನ್ಯ ಭೂಮಿ ಪುರಸಭೆಗಳಿಗೆ ಹೋಗಲಿಲ್ಲ. ಕೊರ್ಪೊರಾಟ್ಸಿಯೋನ್ ಉರ್ಸೆರ್ನ್ ಎಂಬ, ಹಳೆಯ ಮನೆತನಗಳ ಒಕ್ಕೂಟದ ಕೈಯಲ್ಲೇ ಉಳಿಯಿತು. ಗೋಮಾಳ ಗ್ರಾಮ ಪಂಚಾಯಿತಿಯದೂ ಅಲ್ಲ, ಸರ್ಕಾರದ್ದೂ ಅಲ್ಲ, ಊರಿನವರದೇ ಅಂತ ಖಾತೆಯಲ್ಲಿದ್ದರೆ ಹೇಗೆ, ಹಾಗೆ. ಮೇ ತಿಂಗಳಲ್ಲಿ ಕಣಿವೆಸಭೆ ಸೇರಿ ತೀರ್ಮಾನ ಮಾಡುತ್ತದೆ.

ಈ ಒಡೆತನದ ಬೆಲೆ ಗೊತ್ತಾದದ್ದು ಅಣೆಕಟ್ಟೆಯ ಕಾಲಕ್ಕೆ. ಅಗಲ ಕಣಿವೆ, ಇಕ್ಕಟ್ಟಾದ ಗ್ರಾನೈಟ್ ಬಾಯಿ: ಇಂಜಿನಿಯರ್ ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಶೊಲೆನೆನ್ ತಲೆಯಲ್ಲಿ 200 ಮೀಟರಿನಷ್ಟು ಎತ್ತರದ ಗೋಡೆ ಎಬ್ಬಿಸಿದರೆ ಒಂದು ಶತಕೋಟಿ ಘನ ಮೀಟರಿಗೂ ಹೆಚ್ಚು ನೀರು ನಿಲ್ಲುತ್ತಿತ್ತು. ಮೂರೂ ಊರು ತಳ ಸೇರುತ್ತಿದ್ದವು. 1920ರ ದಶಕದಿಂದ ಮಾತು ನಡೆದು, ಯುದ್ಧಕಾಲದಲ್ಲಿ ಬಲವಾಯಿತು. ಜನ ಸುತರಾಂ ಒಪ್ಪಲಿಲ್ಲ. ಫೆಬ್ರವರಿ 19, 1946ರ ರಾತ್ರಿ ಯೋಜನೆಯ ಇಂಜಿನಿಯರನ್ನು ಆಂಡರ್‌ಮಾಟ್‌ನವರು ಹೊಡೆದು ಊರಿನಿಂದ ಅಟ್ಟಿದರು. ಹೊಡೆದದ್ದು ಸರಿಯಲ್ಲ, ಆದರೆ ಯೋಜನೆ ನಿಂತದ್ದು ಬರೀ ಆ ರಾತ್ರಿಯಿಂದಲೂ ಅಲ್ಲ. ಜಮೀನಿನ ಒಡೆಯ ಒಂದೇ ಸಂಸ್ಥೆ, ಅದು ಮಾರಲೊಪ್ಪಲಿಲ್ಲ. ಇಲ್ಲಿ ಪುಣೆಯ ಮುಳಶಿ ನೆನಪಾಗುತ್ತದೆ. 1921ರಲ್ಲಿ ಸೇನಾಪತಿ ಬಾಪಟರ ಮುಂದಾಳತ್ವದಲ್ಲಿ ಮಾವಳದ ರೈತರು ಅಣೆಕಟ್ಟೆಯ ವಿರುದ್ಧ ಸತ್ಯಾಗ್ರಹ ಹೂಡಿದರು. ಧೈರ್ಯ ಕಡಿಮೆಯಿರಲಿಲ್ಲ. ಆದರೆ ಭೂಮಿಯನ್ನು ಕಂಪನಿಗಾಗಿ ವಶಪಡಿಸಿಕೊಳ್ಳುವ ಕಾನೂನು ಸರ್ಕಾರದ ಕೈಯಲ್ಲಿತ್ತು. ಮುಳಶಿ ಮುಳುಗಿತು, ಉರ್ಸೆರೆನ್ ಉಳಿಯಿತು. ಉರ್ಸೆರೆನ್ ಉಳಿದದ್ದಕ್ಕೂ ಬೇರೆಯವರು ಬೆಲೆ ತೆತ್ತರು: ಪಕ್ಕದ ಗೋಶೆನರ್‌ಆಲ್ಪ್‌ನಲ್ಲಿ 1960ಕ್ಕೆ 155 ಮೀಟರ್ ಎತ್ತರದ ಕಟ್ಟೆ ಎದ್ದು, ಅಲ್ಲಿದ್ದ ಪುಟ್ಟ ಹಳ್ಳಿ ನೀರಿಗೆ ಹೋಯಿತು.

ಈಗ 1882ರ ಗೊಟ್‌ಹಾರ್ಡ್ ರೈಲು ಸುರಂಗಕ್ಕೆ ಬರೋಣ. ನಮ್ಮ ಖಂಡಾಲಾದ ಭೋರ್ ಘಾಟಿನ ರೈಲು ಹಾದಿ 1856ರಲ್ಲಿ ಶುರುವಾಗಿ 1863ರಲ್ಲಿ ತೆರೆಯಿತು. ಏರು 37ಕ್ಕೆ 1, ಅಂದರೆ ಸಾವಿರಕ್ಕೆ 27. ಗೊಟ್‌ಹಾರ್ಡ್ ಹಾದಿಯ ಏರೂ ಹೆಚ್ಚುಕಡಿಮೆ ಅಷ್ಟೇ. ಕಾರಣ ಒಂದೇ: ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಅದಕ್ಕಿಂತ ಕಡಿದಾದಲ್ಲಿ ಭಾರ ಎಳೆಯಲಾರದೆ ಜಾರುತ್ತದೆ. ಎತ್ತರ ಗಳಿಸಲು ಭೋರ್ ಘಾಟಿನವರು ರೈಲನ್ನು ಹಿಂದುಮುಂದು ಮಾಡುವ ರಿವರ್ಸಿಂಗ್ ಸ್ಟೇಷನ್ ಇಟ್ಟರು. ಗೊಟ್‌ಹಾರ್ಡಿನವರು ಬೆಟ್ಟದೊಳಗೆ ಸುರುಳಿ ಸುರಂಗ ತೋಡಿದರು; ಅದಕ್ಕೇ ವಾಸೆನ್ ಊರಿನ ಇಗರ್ಜಿ ಕಿಟಕಿಯಲ್ಲಿ ಮೂರು ಸಲ, ಮೂರು ಎತ್ತರದಲ್ಲಿ ಕಾಣುತ್ತದೆ. ಆದರೆ ಆಂಡರ್‌ಮಾಟ್‌ವರೆಗೆ ಹತ್ತುವ ಗೋಜಿಗೇ ರೈಲು ಹೋಗಲಿಲ್ಲ. ಗೋಶೆನೆನ್‌ನಲ್ಲೇ ಬೆಟ್ಟ ಹೊಕ್ಕು, 15 ಕಿಲೋಮೀಟರ್ ಆಚೆ ಐರೋಲೊದಲ್ಲಿ ಹೊರಬಿತ್ತು. ಸುರಂಗ ಹಾದುಹೋಗುವುದು ಸರಿಯಾಗಿ ಆಂಡರ್‌ಮಾಟ್‌ನ ಅಡಿಯಲ್ಲಿ, ಸುಮಾರು 300 ಮೀಟರ್ ಕೆಳಗೆ.

ಕೆಲಸ ಕೆಟ್ಟದ್ದೂ ಅಲ್ಲೇ. ಮೇಲೆ ಹೇಳಿದ ಮೆತ್ತನೆ ಕಲ್ಲಿನ ಪಟ್ಟಿ ಕೆಳಗೂ ಇಳಿದಿದೆ. ಗೋಶೆನೆನ್ ಬಾಯಿಂದ ಸುಮಾರು 2.8 ಕಿಲೋಮೀಟರ್ ಒಳಗೆ ಕಲ್ಲು ಹುಡಿಯಾಗಿ, ತೇವಕ್ಕೆ ಉಬ್ಬಿ, ಕಟ್ಟಿದ ಕಲ್ಲಿನ ಕಮಾನನ್ನೇ ಹಿಂಡಿ ಮುರಿಯಿತು. ಮತ್ತೆ ಮತ್ತೆ, ಪ್ರತಿ ಸಲ ಇನ್ನಷ್ಟು ದಪ್ಪಕ್ಕೆ ಕಟ್ಟಬೇಕಾಯಿತು. ಇನ್ನೂ ಕೆಟ್ಟದ್ದು ಆಗಬಹುದಿತ್ತು. ಕಣಿವೆಯ ತಳದಲ್ಲಿ ನದಿ ತಂದ ಮರಳು, ಜಲ್ಲಿ ಆಳಕ್ಕೆ ತುಂಬಿದೆ. ಸುರಂಗ ಅದನ್ನು ತಾಗಿದ್ದರೆ ನೀರೂ ಕೆಸರೂ ಒಳನುಗ್ಗುತ್ತಿದ್ದವು. 1908ರಲ್ಲಿ ಲೋಚ್‌ಬೆರ್ಗ್ ಸುರಂಗದಲ್ಲಿ ಆದದ್ದು ಅದೇ, 25 ಜನ ಸತ್ತರು. ಇಲ್ಲಿ ಬಂಡೆಯ ಅಡಿಯಲ್ಲೇ ಉಳಿದರು. ಗುತ್ತಿಗೆದಾರ ಲೂಯಿ ಫಾವ್ರ್ 1879ರಲ್ಲಿ ಸುರಂಗದೊಳಗೇ ಕುಸಿದು ಸತ್ತರು. ಎರಡು ತುದಿ ಕೂಡಿದ್ದು ಫೆಬ್ರವರಿ 29, 1880ರಂದು. ಸುಮಾರು 200 ಕೂಲಿಗಳು ಅಪಘಾತಗಳಲ್ಲಿ ಹೋದರು, ಬಹುಪಾಲು ಇಟಲಿಯವರು. 1875ರಲ್ಲಿ ಮುಷ್ಕರ ಹೂಡಿದಾಗ ಗುಂಡಿಗೆ ನಾಲ್ವರು ಬಲಿಯಾದರು. ಬಿಸಿ, ತೇವ, ಶೌಚಕ್ಕೆ ವ್ಯವಸ್ಥೆಯಿಲ್ಲದ ಸುರಂಗದಲ್ಲಿ ಕೊಕ್ಕೆಹುಳು ಹಬ್ಬಿ ನೂರಾರು ಜನ ರಕ್ತಹೀನತೆಯಿಂದ ಕುಸಿದರು. ಆ ರೋಗದ ಕಾರಣವನ್ನು ವೈದ್ಯಲೋಕ ಗಟ್ಟಿಯಾಗಿ ಹಿಡಿದದ್ದು ಈ ಕೂಲಿಗಳಿಂದ.

1882ರಲ್ಲಿ ರೈಲು ಓಡಿತು; ಘಟ್ಟದ ಮೇಲಿನ ಕುದುರೆಗಾಡಿಗಳ ಸಾಲು ನಿಂತಿತು. ಛತ್ರ, ಲಾಯ, ಕಮ್ಮಾರಸಾಲೆ, ಹೇರಿನವರು, ಎಲ್ಲರಿಗೂ ಒಮ್ಮೆಗೇ ಕೆಲಸವಿಲ್ಲ. ಊರಿಗೆ ಕೈಕೊಟ್ಟ ಆ ಸುರಂಗವೇ ಮುಂದಿನ ಕಸುಬನ್ನೂ ತಂದಿತು. ಸುರಂಗವನ್ನು ಶತ್ರುಗಳಿಂದ ಕಾಯಬೇಕೆಂದು ಸೈನ್ಯ 1885ರಿಂದ ಇಲ್ಲಿ ಕೋಟೆ ಕಟ್ಟಲಾರಂಭಿಸಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಆಂಡರ್‌ಮಾಟ್ ದಂಡಿನ ಊರಾಗಿ ಬದುಕಿತು. ಖಡಕಿ, ದೇಹೂ ರೋಡ್ ಬಲ್ಲವರಿಗೆ ಆ ಬದುಕಿನ ಲಯ ಗೊತ್ತು: ಬ್ಯಾರಕ್ಕು, ಕಾರ್ಖಾನೆ, ಕ್ಯಾಂಟೀನು, ಪಿಂಚಣಿ. ಶೀತಲ ಸಮರ ಮುಗಿದು ಸೈನ್ಯ ಸಣ್ಣದಾದಾಗ ಎರಡನೆಯ ಸಲ ಊರು ಖಾಲಿಯಾಗತೊಡಗಿತು. ಅಷ್ಟರಲ್ಲಿ 1980ರಲ್ಲಿ ತೆರೆದ ಸುಮಾರು 17 ಕಿಲೋಮೀಟರಿನ ರಸ್ತೆ ಸುರಂಗ ಕಾರುಗಳನ್ನೂ ಕೆಳಗೇ ಒಯ್ದಿತ್ತು.

2005ರಲ್ಲಿ ಈಜಿಪ್ಟಿನ ಉದ್ಯಮಿ ಸಮೀಹ್ ಸಾವೀರಿಸ್ ಸೈನ್ಯ ಬಿಟ್ಟ ಜಾಗದಲ್ಲಿ ಆರು ಹೋಟೆಲ್, ಸುಮಾರು 490 ಅಪಾರ್ಟ್‌ಮೆಂಟ್, ಗಾಲ್ಫ್ ಮೈದಾನದ ಯೋಜನೆ ತಂದರು. ವಿದೇಶಿಯರು ರಜೆಮನೆ ಕೊಳ್ಳುವುದಕ್ಕೆ ಸ್ವಿಸ್ ಕಾನೂನು ಕಡಿವಾಣ ಹಾಕುತ್ತದೆ; ಆಂಡರ್‌ಮಾಟ್‌ಗೆ ವಿಶೇಷ ವಿನಾಯಿತಿ ಸಿಕ್ಕಿತು. 2007ರಲ್ಲಿ ಊರವರು ಮತ ಹಾಕಿದಾಗ ಒಪ್ಪಿದವರು 96 ಶೇಕಡ. ಅಣೆಕಟ್ಟೆಯನ್ನು ಓಡಿಸಿದ ಊರೇ ಇದು. ವ್ಯತ್ಯಾಸ ಇಷ್ಟು: ಆಗ ಮನೆಯನ್ನೇ ಬಿಡಬೇಕಿತ್ತು, ಈಗ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕಬಹುದಿತ್ತು. ಮೊದಲ ದೊಡ್ಡ ಹೋಟೆಲ್ 2013ರಲ್ಲಿ ತೆರೆಯಿತು. ತೊಂದರೆಯೂ ಬಂತು. ವರ್ಷದಲ್ಲಿ ಕೆಲವೇ ವಾರ ದೀಪ ಹತ್ತುವ ಮನೆಗಳು, ಏರಿದ ಬಾಡಿಗೆ, ದುಡಿಯುವವರಿಗೆ ಊರೊಳಗೆ ಮನೆ ಸಿಗದಿರುವುದು. ಲೋಣಾವಳಾದಲ್ಲಿ ವಾರಾಂತ್ಯದ ಬಂಗಲೆ ಕೊಂಡ ಪುಣೆಯವರು ಆ ಕತ್ತಲ ಕಿಟಕಿಗಳನ್ನು ಒಮ್ಮೆ ನೋಡಿ ಬರಬೇಕು.

ಹೋಗುವವರಿಗೆ. ಝೂರಿಚ್‌ನಲ್ಲಿ ಲುಗಾನೊ ಅಥವಾ ಮಿಲಾನಿನ ವೇಗದ ರೈಲು ಹತ್ತಿದರೆ ಆಂಡರ್‌ಮಾಟ್ ತಪ್ಪಿತು. ಅದು 2016ರಲ್ಲಿ ತೆರೆದ 57 ಕಿಲೋಮೀಟರಿನ ಬೇಸ್ ಟನಲ್‌ನಲ್ಲಿ ಎರ್ಸ್ಟ್‌ಫೆಲ್ಡ್ ಬಳಿ ಹೊಕ್ಕು ದಕ್ಷಿಣದ ಬೋಡಿಯೊದಲ್ಲಿ ಹೊರಬರುತ್ತದೆ, ನಡುವೆ ಕತ್ತಲೆ ಬಿಟ್ಟು ಏನೂ ಇಲ್ಲ. ಹತ್ತಬೇಕಾದದ್ದು ಹಳೆಯ ಬೆಟ್ಟದ ಹಾದಿಯ ರೈಲು. ಬೋರ್ಡಿನಲ್ಲಿ ಗೋಶೆನೆನ್ ಹೆಸರಿದೆಯೇ ನೋಡಿ. ಸುಮಾರು ಎರಡು ಗಂಟೆ. ವಾಸೆನ್ ಇಗರ್ಜಿ ಸಿಗುವುದೂ ಇದರಲ್ಲೇ. ಆ ಹಾದಿ ಬರೀ ಪ್ರವಾಸಿಗರದೂ ಅಲ್ಲ: ಆಗಸ್ಟ್ 2023ರಲ್ಲಿ ಬೇಸ್ ಟನಲ್‌ನಲ್ಲಿ ಗೂಡ್ಸ್ ರೈಲು ಹಳಿ ತಪ್ಪಿ, ಪೂರ್ತಿ ಸರಿಹೋಗಲು ಸೆಪ್ಟೆಂಬರ್ 2024 ಆಯಿತು, ಅಲ್ಲಿಯವರೆಗೆ ಪ್ರಯಾಣಿಕರ ಭಾರವನ್ನು ಬಹುಮಟ್ಟಿಗೆ ಹೊತ್ತದ್ದು ಹಳೆಯ ಹಾದಿ. ಗೋಶೆನೆನ್‌ನಲ್ಲಿ ಇಳಿದು ಕೆಂಪು ಬಣ್ಣದ ಸಣ್ಣ ರೈಲಿಗೆ ಬದಲಾಯಿಸಿ. 1917ರ ಈ ಹಾದಿ ಸಾವಿರಕ್ಕೆ 179ರ ಏರು ಹತ್ತುತ್ತದೆ, ಭೋರ್ ಘಾಟಿನ ಆರು ಪಟ್ಟಿಗೂ ಹೆಚ್ಚು. ಹಳಿಗಳ ನಡುವಿನ ಹಲ್ಲುಪಟ್ಟಿಗೆ ಗೇರು ಕಚ್ಚಿಕೊಂಡು. ಹತ್ತು ಹದಿನೈದು ನಿಮಿಷ. ಮೇಲೆ ಹೋಗಲು ರೈಲು, ಇಳಿಯಲು ಕಾಲು ಒಳ್ಳೆಯದು: ಊರಿನಿಂದ ಸೇತುವೆಗೆ ಅರ್ಧ ಗಂಟೆ ನಡಿಗೆ, ಅಲ್ಲಿಂದ ಗೋಶೆನೆನ್‌ಗೆ ಇನ್ನೊಂದು ಗಂಟೆ.

ಗ್ಲೇಸಿಯರ್ ಎಕ್ಸ್‌ಪ್ರೆಸ್‌ನಿಂದ ರೋನ್ ಹಿಮನದಿ ಕಾಣುತ್ತದೆಂದು ನಂಬಿ ಹೋಗಬೇಡಿ. 1982ರಿಂದ ಆ ರೈಲು ರೆಆಲ್ಪ್‌ನಲ್ಲಿ 15 ಕಿಲೋಮೀಟರಿನ ಫುರ್ಕಾ ಸುರಂಗ ಹೊಕ್ಕು ಹೋಗುತ್ತದೆ. ಅದೇ ಹಳಿಯ ಮೇಲೆ ಸಾಮಾನ್ಯ ಪ್ಯಾಸೆಂಜರ್ ರೈಲು ಓಡುತ್ತದೆ. ಸೀಟು ಕಾದಿರಿಸಬೇಕಿಲ್ಲ, ಕಿಟಕಿಯನ್ನೂ ಇಳಿಸಬಹುದಾದ ಡಬ್ಬಿ ಕೆಲವೊಮ್ಮೆ ಸಿಗುತ್ತದೆ. ಘಟ್ಟದ ರಸ್ತೆಗಳು ಸಾಮಾನ್ಯವಾಗಿ ನವೆಂಬರಿನಿಂದ ಮೇ ಕೊನೆ ಅಥವಾ ಜೂನಿನವರೆಗೆ ಮುಚ್ಚಿರುತ್ತವೆ. ನಮ್ಮ ಮಕ್ಕಳ ರಜೆ ಏಪ್ರಿಲ್–ಮೇ. ಆಗ ಹೋದವರು ಫುರ್ಕಾ, ಗೊಟ್‌ಹಾರ್ಡ್ ಎರಡೂ ತೆರೆಯದೆ ಬೇಸರಪಡುತ್ತಾರೆ. ಜುಲೈನಿಂದ ಸೆಪ್ಟೆಂಬರ್ ಸರಿ. ಒಬರಾಲ್ಪ್ ನೆತ್ತಿಯಿಂದ 2,345 ಮೀಟರಿನ ತೋಮಾ ಸರೋವರಕ್ಕೆ ಒಂದೂವರೆ ಎರಡು ಗಂಟೆ ಹತ್ತುವುದಿದೆ. ಜುಲೈ ಮೊದಲ ವಾರದಲ್ಲೂ ನೆರಳಿನ ಇಳಿಜಾರಿನಲ್ಲಿ ಗಟ್ಟಿ ಹಿಮ ಉಳಿದಿರುತ್ತದೆ, ಸಿಂಹಗಡಕ್ಕೆ ಹಾಕುವ ಸ್ಯಾಂಡಲ್ ಅಲ್ಲಿ ನಡೆಯದು.

ಹಳೆಯ ಫುರ್ಕಾ ಘಟ್ಟದ ಹಳಿಯನ್ನು ಕಿತ್ತುಹಾಕಬೇಕಿತ್ತು. ಸ್ವಯಂಸೇವಕರು ಉಳಿಸಿಕೊಂಡು, 2010ಕ್ಕೆ ಪೂರ್ತಿ ಹಾದಿಯನ್ನು ಮತ್ತೆ ತೆರೆದರು. ಬೇಸಿಗೆಯ ಕೆಲವು ದಿನ ರೆಆಲ್ಪ್‌ನಿಂದ ಉಗಿಬಂಡಿ ಹೊರಡುತ್ತದೆ. ಇಲ್ಲಿನ ಹಳೆಯ ಇಂಜಿನ್‌ಗಳನ್ನು 1947ರಲ್ಲಿ ವಿಯೆಟ್ನಾಮಿಗೆ ಮಾರಿದ್ದರು. 1990ರಲ್ಲಿ ಅಲ್ಲಿಂದ ಹುಡುಕಿ ವಾಪಸು ತಂದರು. ವಿಂಟರ್‌ಥೂರ್‌ನ ಅದೇ ಕಾರ್ಖಾನೆಯ ಇಂಜಿನ್‌ಗಳೇ ಊಟಿ ರೈಲನ್ನೂ ಎಳೆದದ್ದು. ರೆಆಲ್ಪ್ ದಾಟಿದ ಮೇಲೆ ಷ್ಟೆಫೆನ್‌ಬಾಖ್ ಎಂಬ ಹಳ್ಳವೊಂದು ಅಡ್ಡ ಬರುತ್ತದೆ. ಪ್ರತಿ ವರ್ಷ ಹಿಮಪಾತ ಇಳಿಯುವ ಜಾಗ ಅದು. ಮೊದಲು ಕಟ್ಟಿದ ಕಲ್ಲಿನ ಸೇತುವೆಯನ್ನು ಹಿಮ ಎತ್ತಿ ಒಯ್ದಿತು. 1925ರಲ್ಲಿ ಅದರ ಬದಲು ಮೂರು ತುಂಡಿನ ಉಕ್ಕಿನ ಸೇತುವೆ ಬಂತು. ಚಳಿಗಾಲಕ್ಕೆ ಮುಂಚೆ ಆಳುಗಳು ಬಂದು, ಕೀಲು ಬಿಚ್ಚಿ, ತಂತಿಹಗ್ಗದಿಂದ ತುಂಡುಗಳನ್ನು ಎರಡೂ ದಡಕ್ಕೆ ಎಳೆದು ಮಡಚಿಡುತ್ತಾರೆ. ಹಿಮಕ್ಕೆ ಹಳ್ಳ ಖಾಲಿ ಬಿಟ್ಟಿರುತ್ತಾರೆ. ಹಿಮ ಕರಗಿ ದಡ ಕಂಡ ಮೇಲೆ ಮತ್ತೆ ಜೋಡಿಸುತ್ತಾರೆ.